ಗಂಟಿಲ್ಲದ ಬಲೆ

ಮೀನು ಬಾಯಿ ಬಿಡುವ ಶಬ್ದಕ್ಕೆ ನನಗೆ ಎಚ್ಚರವಾಗುತ್ತಿತ್ತು. ಚಪ್, ಚಪ್, ಚಪ್. ಬೆಳಕು ಹರಿಯುವ ಹೊತ್ತಿಗೆ ಕಾಟ್ಲಾ ಮೀನುಗಳು ಕೋರೆಯ ಮೂಲೆಯಲ್ಲಿ ಮೇಲೆ ಬಂದು ಗಾಳಿ ನುಂಗುತ್ತಿದ್ದವು. ದೂರದಿಂದ ಕೇಳಿದರೆ ಮಕ್ಕಳು ಬಾಯಿ ಚಪ್ಪರಿಸುವ ಹಾಗೆ. ಹತ್ತಿರ ಹೋಗಿ ನೋಡಿದವನಿಗೆ ಗೊತ್ತು, ಅದು ಉಸಿರು ಕಟ್ಟಿದ ಶಬ್ದ.

ಕುಕ್ಕುಂದೂರಿನ ಈ ಮುರಕಲ್ಲಿನ ಕೋರೆ ಸರ್ವೋತ್ತಮಣ್ಣನದ್ದು. ಕಲ್ಲು ಕೊಯ್ದು ಮುಗಿದ ಮೇಲೆ ಮಳೆನೀರು ನಿಂತು, ಯಾರಿಗೂ ಬೇಡದ ಗುಂಡಿಯಾಗಿ ಉಳಿದಿತ್ತು. ಅಪ್ಪನ ಬಲಭುಜ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಹಾಳಾದ ವರ್ಷ, ಮೀನು ಸಾಕುತ್ತೇವೆಂದು ಕೇಳಿ ಪಡೆದೆವು. ಅಮ್ಮ ಕಾಪುವಿನ ಮನೆಯಲ್ಲಿ, ನಾವಿಬ್ಬರು ಇಲ್ಲಿ ಶೀಟಿನ ಶೆಡ್ಡಿನಲ್ಲಿ. ಮೀನು ಬದುಕಿದರೆ ನಾವು ಇಲ್ಲಿ ಉಳಿಯುತ್ತೇವೆ. ಸತ್ತರೆ ನಾನು ಪುನಃ ಬೋಟಿಗೆ ಹೋಗಬೇಕು, ಅಪ್ಪ ಕಡಲಬದಿಯಲ್ಲಿ ಕೂತು ಯಾರದ್ದೋ ಹರಿದ ಬಲೆ ಕಟ್ಟಬೇಕು. ಬೋಟಿನ ಡೀಸೆಲ್ ವಾಸನೆ ನನಗೆ ಪುನಃ ಬೇಡ.

ಎಪ್ರಿಲ್ ಸೆಕೆಗೆ ನೀರು ಇಳಿಯಿತು, ಇಳಿದ ಹಾಗೆ ಹಸಿರಾಯಿತು. ಮೊದಲು ಬದಿಯಲ್ಲಿ ಕೂದಲಿನ ಹಾಗೆ, ಆಮೇಲೆ ನಡುವಿನವರೆಗೂ ಚಾಪೆ ಹಾಸಿದ ಹಾಗೆ. ಅಪ್ಪ ದಿನಾ ಕಲ್ಲಿನ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಏನಾದರೂ ಮಾಡು ಎಂದರೆ ಒಂದೇ ಮಾತು.

"ಕಡಲಲ್ಲಿ ನೀರಿನ ಬಣ್ಣ ಕೆಟ್ಟರೆ ಬೋಟು ತಿರುಗಿಸಿಕೊಂಡು ಬರ್ತೇವೆ. ಇಲ್ಲಿ ಎಲ್ಲಿಗೆ ತಿರುಗಿಸುದು?"

ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಲಿಕ್ಕೂ ನಿದ್ದೆ ಬೇಕು, ಅದೂ ಇರಲಿಲ್ಲ.

ಸರ್ವೋತ್ತಮಣ್ಣ ಸ್ಕೂಟರಿನಲ್ಲಿ ಬಂದವರು ನೀರನ್ನು ಸರಿಯಾಗಿ ನೋಡಲೂ ಇಲ್ಲ. ಅಡಿಕೆಗೆ ಮದ್ದು ಬಿಟ್ಟು ಉಳಿದ ಮೈಲುತುತ್ತ ಮನೆಯಲ್ಲಿ ಬಿದ್ದಿದೆ, ಕಲಸಿ ಹೊಯ್ದರೆ ಪಾಚಿಯೆಲ್ಲ ಸತ್ತು ನೀರು ಕನ್ನಡಿಯ ಹಾಗೆ ಆಗುತ್ತದೆ ಎಂದರು. ಯಾವ ಪಾಚಿಗೆ ಯಾವ ಮದ್ದು ಎಂದು ನೋಡಬೇಡವಾ ಎಂದು ನಾನು ಕೇಳಿದೆ. ಅವರಿಗೆ ನಗು ಬಂತು.

"ಪಾಚಿ ಅಂದ್ರೆ ಪಾಚಿಯೇ ಮಾರಾಯ. ಅದರಲ್ಲಿ ಶೆಟ್ಟಿ ಪಾಚಿ, ಮೊಗವೀರ ಪಾಚಿ ಅಂತ ಉಂಟಾ?"

ಅಪ್ಪನೂ ನಕ್ಕ. ನಾನು ನಗಲಿಲ್ಲ. ಅಷ್ಟು ಸಂಶಯ ಇದ್ದರೆ ತನ್ನ ತಂಗಿಯ ಮಗಳು ಚೈತಾಲಿ ಮಣಿಪಾಲದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವುದು, ಹೋಗಿ ತೋರಿಸು ಎಂದು ಅವರು ತಮಾಷೆಗೆ ಹೇಳಿದರು. ನಾನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಮರುದಿನ ತಂಪುಪಾನೀಯದ ಬಾಟಲಿಗೆ ನೀರು, ಪಾಚಿ ತುಂಬಿಸಿಕೊಂಡು ಬಸ್ಸು ಹತ್ತಿದೆ. ಎಂತ, ಕಷಾಯವಾ ಎಂದು ಕಂಡಕ್ಟರ್ ಕೇಳಿದ. ಹೌದು, ನಿಮಗೂ ಬೇಕಾ ಎಂದೆ. ಹಿರಿಯಡ್ಕ ದಾಟುವವರೆಗೂ ಅವನು ನನ್ನ ಕಡೆ ಬರಲಿಲ್ಲ.

ಚೈತಾಲಿ ಮೇಡಮ್ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಿಮ್ಮ ಮಾವ ಕಳಿಸಿದರು ಎಂದದ್ದಕ್ಕೆ ಒಳಗೆ ಕರೆದರು. ಮೊದಲು ಪಾಚಿಗಳ ಉದ್ದುದ್ದ ಹೆಸರು ಹೇಳಿದರು. ನಾನು ಓದಿದ್ದು ಒಂಬತ್ತನೆಯವರೆಗೆ, ಹೆಸರು ನನಗೆ ಬೇಡ, ಮೀನು ಸಾಯುವುದು ಇದರಿಂದಲೋ ಅಲ್ಲವೋ ಅಷ್ಟು ಹೇಳಿ ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಾಗಾದರೆ ಹೆಸರು ಬಿಡುವ, ಕಣ್ಣು ಮತ್ತು ಕೈ ಸಾಕು ಎಂದರು.

ಮೊದಲನೆಯದು ಕೋಲು. ಹಸಿರು ನೀರಿಗೆ ಕೋಲು ಅದ್ದಿ ಎತ್ತಬೇಕು. ಕೋಲಿಗೆ ಪೇಂಟು ಬಳಿದ ಹಾಗೆ ಬಂದರೆ ಅದು ವಿಷದ ಜಾತಿ ಇರಬಹುದು. ಕೈ ಹಾಕಬಾರದು, ನಾಯಿ ದನ ಬಿಡಬಾರದು, ಕೂಡಲೇ ತನಗೆ ಫೋನ್ ಮಾಡಬೇಕು. ನೂಲಿನ ಹಾಗೆ ಜೋತುಬಿದ್ದರೆ ಹೆದರಬೇಕಾಗಿಲ್ಲ. ನೂಲನ್ನು ಬೆರಳಲ್ಲಿ ಉಜ್ಜಿದರೆ ಲೋಳೆಯಾಗಿ ಜಾರುವುದು ಒಂದು ಜಾತಿ, ಉಣ್ಣೆಯ ಹಾಗೆ ದೊರಗಾಗಿ ಕವಲೊಡೆದದ್ದು ಇನ್ನೊಂದು. ನನ್ನ ಬಾಟಲಿಯಲ್ಲಿದ್ದದ್ದರಲ್ಲಿ ಸ್ವಲ್ಪ ಜಾರಿತು. ಅದರ ಒಂದು ಎಳೆಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ತೋರಿಸಿದರು. ಗಾಜಿನ ಕೊಳವೆಯೊಳಗೆ ಹಸಿರು ರಿಬ್ಬನ್ ಸುತ್ತಿ ಸುತ್ತಿ ಇಟ್ಟ ಹಾಗೆ.

ಬಾಕಿಯದ್ದನ್ನೆಲ್ಲ ಬಿಳಿ ತಟ್ಟೆಯ ನೀರಿನಲ್ಲಿ ಬಿಡಿಸಿಟ್ಟರು. ಅದಕ್ಕೆ ಮೈಕ್ರೋಸ್ಕೋಪು ಬೇಕಾಗಲಿಲ್ಲ. ಬಲೆ. ನಿಜವಾದ ಬಲೆ, ಕಣ್ಣು ಕಣ್ಣಾಗಿ. ನೀರುಬಲೆ ಅಂತ ಇಟ್ಟುಕೊಳ್ಳಿ ಎಂದು ಮೇಡಮ್ ಹೇಳಿದರು. ಅದರ ಒಂದೊಂದು ಎಳೆಯೊಳಗೂ ಇನ್ನೊಂದು ಸಣ್ಣ ಬಲೆ ಹುಟ್ಟುತ್ತದಂತೆ. ಇವುಗಳಲ್ಲಿ ವಿಷ ಇಲ್ಲ. ಹಗಲಿಗೆ ಗಾಳಿ ಕೊಡುತ್ತವೆ, ಕತ್ತಲಾದರೆ ಮೀನಿನ ಹಾಗೆಯೇ ಗಾಳಿ ತೆಗೆದುಕೊಳ್ಳುತ್ತವೆ. ಅದಕ್ಕೇ ಬೆಳಗ್ಗೆ ಮೀನು ಮೇಲೆ ಬರುವುದು. ಒಂದೇ ಸಲ ಕೊಂದರೆ ಅಷ್ಟೂ ಕೊಳೆತು ಇರುವ ಗಾಳಿಯನ್ನೂ ತಿಂದುಬಿಡುತ್ತದೆ, ಮೈಲುತುತ್ತ ಮೀನಿಗೂ ಕೆಟ್ಟದ್ದು. ಗಾಳಿ ಸೇರುವ ಹಾಗೆ ಪಂಪು ಇಟ್ಟು ನೀರು ಹಾರಿಸಿ, ಪಾಚಿಯನ್ನು ಎಳೆದು ತೆಗೆಯಿರಿ. ಬೇರೆ ದಾರಿ ಇಲ್ಲ ಎಂದರು.

ಇಷ್ಟೇಯಾ ಎಂದು ಕೇಳಿದೆ. ಇಷ್ಟೇ ಎಂದರು. ಇಷ್ಟನ್ನು ಯಾರೂ ಯಾಕೆ ಹೇಳಲಿಲ್ಲ ಎಂದು ಬಸ್ಸು ಇಳಿಯುವವರೆಗೂ ಹಲ್ಲು ಕಚ್ಚಿಕೊಂಡು ಬಂದೆ.

ಕೋರೆಗೆ ಬರುವಾಗ ಅಪ್ಪ ಪ್ಲಾಸ್ಟಿಕ್ ಬಕೆಟ್ಟಿನ ಎದುರು ಕುಕ್ಕರುಗಾಲಿನಲ್ಲಿ ಕೂತು ಎಡಗೈಯಲ್ಲಿ ಏನನ್ನೋ ಕಲಸುತ್ತಿದ್ದ. ಬಕೆಟ್ಟಿನಲ್ಲಿ ನೀಲಿ ಮೈಲುತುತ್ತ. ಸರ್ವೋತ್ತಮಣ್ಣ ಮಧ್ಯಾಹ್ನವೇ ಬಂದು ಕೊಟ್ಟುಹೋಗಿದ್ದರು. ಇನ್ನೂ ಹೊಯ್ದಿರಲಿಲ್ಲ. ನಾನು ಬಕೆಟ್ಟಿನ ಹಿಡಿಗೆ ಕೈ ಹಾಕಿದೆ. ಅಪ್ಪ ಬಿಡಲಿಲ್ಲ. ಮೇಡಮ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಅರ್ಧ ಹಿಂದೆ ಮುಂದೆ ಆಯಿತು.

"ಒಂಬತ್ತನೇ ಕ್ಲಾಸು ಬಿಟ್ಟವ ನನಗೆ ಪಾಠ ಮಾಡ್ಲಿಕ್ಕೆ ಬಂದ" ಎಂದ ಅಪ್ಪ.

"ಬಿಡಿಸಿದ್ದು ಯಾರು?"

ಅಪ್ಪ ಹಿಡಿಯನ್ನು ಇನ್ನೂ ಬಿಗಿ ಮಾಡಿದ. ನಾನು ಶಾಲೆ ಬಿಟ್ಟ ವರ್ಷ ಬೋಟಿಗೆ ಒಂದು ಜನ ಕಡಿಮೆ ಇತ್ತು, ಅಷ್ಟೇ. ಅದನ್ನು ನಾವು ಯಾವತ್ತೂ ಮಾತಾಡಿದವರಲ್ಲ. ಬಕೆಟ್ಟು ನಡುವಿನಲ್ಲಿ, ಎರಡು ಕೈ ಅದರ ಹಿಡಿಯ ಮೇಲೆ.

ನಾನು ಕೈ ಬಿಟ್ಟೆ. ಒಂದು ಕೋಲು ತೆಗೆದು ಕೋರೆಯ ಸುತ್ತ ಬಂದೆ. ನಾಲ್ಕು ಬದಿಯಲ್ಲಿ ಅದ್ದಿದೆ. ಎಲ್ಲಿಯೂ ಪೇಂಟು ಹಿಡಿಯಲಿಲ್ಲ. ಎಲ್ಲ ಕಡೆ ಜೋತುಬಿದ್ದದ್ದೇ. ಕೊನೆಯ ಸಲ ಬಂದದ್ದನ್ನು ಊಟದ ಸ್ಟೀಲಿನ ಬಟ್ಟಲಿನಲ್ಲಿ ನೀರು ಹಾಕಿ, ಮೇಡಮ್ ಮಾಡಿದ ಹಾಗೆ ಬೆರಳಿನಿಂದ ಬಿಡಿಸಿ, ಅಪ್ಪನ ಎದುರು ಇಟ್ಟೆ. ಬೇಕಾದರೆ ನೋಡು, ಬೇಡದಿದ್ದರೆ ಹೊಯ್ಯಿ ಎಂದೆ.

ಅಪ್ಪ ನೋಡಿದ. ಮೊದಲು ಸುಮ್ಮನೆ, ಆಮೇಲೆ ಬಟ್ಟಲನ್ನು ಬೆಳಕಿಗೆ ತಿರುಗಿಸಿ. ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಣ್ಣನ್ನು ಎತ್ತಿ ಹಿಡಿದ, ಅಂಗಡಿಯಲ್ಲಿ ಹೊಸ ಬಲೆಯ ಕಣ್ಣು ಅಳೆಯುವ ಹಾಗೆ. ನಮ್ಮ ಬಲೆಯ ಕಣ್ಣಿಗೆ ನಾಲ್ಕು ಮೂಲೆ. ಇದಕ್ಕೆ ಐದು, ಕೆಲವಕ್ಕೆ ಆರು. ಅಪ್ಪ ಆ ಮೂಲೆಗಳಲ್ಲಿ ಏನನ್ನೋ ಹುಡುಕುತ್ತಿದ್ದ. ಎಂತ ಎಂದು ಕೇಳಿದೆ.

"ಗಂಟು" ಎಂದ. "ಗಂಟೇ ಇಲ್ಲ ಅಲ್ವಾ ಇದಕ್ಕೆ. ಯಾರು ಕಟ್ಟಿದ್ದು ಹೀಗೆ?"

ಯಾರೂ ಅಲ್ಲ, ತನ್ನಷ್ಟಕ್ಕೇ ಎಂದೆ. ಆ ಬಲೆಯ ಮಡಿಕೆಯಲ್ಲಿ ಸಾಸಿವೆಯಷ್ಟು ಕಣ್ಣಿನ ಒಂದು ಮೀನಿನ ಮರಿ ಸಿಕ್ಕಿಕೊಂಡಿತ್ತು, ಸತ್ತು ಬಿಳಿಯಾಗಿತ್ತು. ಅಪ್ಪ ಅದನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡ. ನೀಲಿ ನೀರಿನಲ್ಲಿ ಒಂದು ಇರುವೆ ಸುತ್ತು ಹಾಕುತ್ತಿತ್ತು.

"ಕಡಲಲ್ಲಿ ಬಲೆ ತುಂಡಾಗಿ ತಳಕ್ಕೆ ಹೋದರೆ ಎಂತ ಆಗ್ತದೆ, ಹೇಳು" ಎಂದ.

ನನಗೆ ಗೊತ್ತಿತ್ತು. ಬೋಟಿಗೆ ಹೋದವರಿಗೆಲ್ಲ ಗೊತ್ತು. ಎಳೆಯುವವರಿಲ್ಲದ ಬಲೆ ಮೀನು ಹಿಡಿಯುತ್ತಲೇ ಇರುತ್ತದೆ. ಹಿಡಿದದ್ದು ಅಲ್ಲೇ ಕೊಳೆಯುತ್ತದೆ, ಕೊಳೆತದ್ದನ್ನು ತಿನ್ನಲು ಬಂದದ್ದೂ ಸಿಕ್ಕುತ್ತದೆ.

"ಅದೇ" ಎಂದ ಅಪ್ಪ. "ಇದನ್ನು ಸಾಯಿಸಿದರೂ ತಳದಲ್ಲಿ ಬಿಟ್ಟುಹೋದ ಹಾಗೆಯೇ. ಬಲೆ ಅಂತಾದ ಮೇಲೆ ಎಳೀಬೇಕು."

ಮೇಡಮ್ ಹೇಳಿದ್ದೂ ಅದನ್ನೇ, ನಾನು ಕೂಗಾಡಿದ್ದೂ ಅದನ್ನೇ. ಬಕೆಟ್ಟಿಗೆ ಹಲಗೆ ಮುಚ್ಚಿ ಶೆಡ್ಡಿನ ಮೂಲೆಗೆ ಇಟ್ಟೆವು.

ಸರ್ವೋತ್ತಮಣ್ಣ ಪಂಪು ಕೊಟ್ಟರು, ಕೊಡುವಾಗ ಗೊಣಗಿದರು. ಮದ್ದು ಮನೆಬಾಗಿಲಿಗೆ ತಂದುಕೊಟ್ಟರೂ ಬೇಡ, ಮೈಮುರಿಯುವುದೇ ಬೇಕು ನಿಮಗೆ ಎಂದರು. ಕಾಪುವಿನಿಂದ ಅಮ್ಮ ಹಳೆಯ ಕೈರಂಪಣಿ ಬಲೆಯ ತುಂಡು ಹೊತ್ತುಕೊಂಡು ಬಂದಳು. ದಡದಿಂದ ಹತ್ತಾರು ಜನ ಸೇರಿ ಎಳೆಯುವ ಬಲೆ ಅದು. ಇಲ್ಲಿ ಮೂವರು. ಅಪ್ಪ ಹಗ್ಗವನ್ನು ಎಡಭುಜಕ್ಕೆ ಸುತ್ತಿಕೊಂಡ. ಬಲೆಯಲ್ಲಿ ಬಲೆ ಎಳೆದೆವು. ಒದ್ದೆ ಪಾಚಿಯಷ್ಟು ಭಾರದ ವಸ್ತು ಕಡಲಲ್ಲಿ ನಾನು ಎಳೆದದ್ದಿಲ್ಲ. ಮೀನಾದರೆ ಒದ್ದಾಡುತ್ತದೆ, ಆ ಒದ್ದಾಟಕ್ಕೆ ನಮಗೂ ಸ್ವಲ್ಪ ಹುರುಪು ಬರುತ್ತದೆ. ಇದು ಸುಮ್ಮನೆ ಬರುತ್ತದೆ, ಹೆಣದ ಹಾಗೆ. ದಡದಲ್ಲಿ ರಾಶಿ ಹಾಕಿದೆವು. ರಾಶಿಯೊಳಗಿಂದ ಬದುಕಿದ ಮರಿಗಳನ್ನು ಅಮ್ಮ ಹೆಕ್ಕಿ ನೀರಿಗೆ ಬಿಟ್ಟಳು. ಆ ಮಧ್ಯೆ ದೊಡ್ಡ ಕಾಟ್ಲಾಗಳು ಕೆಲವು ಹೊಟ್ಟೆ ಮೇಲೆ ಮಾಡಿ ತೇಲಿದವು. ಅವನ್ನು ಎತ್ತಿ ದಡಕ್ಕೆ ಹಾಕಿ ಪುನಃ ಹಗ್ಗ ಹಿಡಿದೆವು. ಕೈ ಸೋಲುವವರೆಗೆ ಎಳೆದೆವು, ಸೋತ ಮೇಲೂ ಸ್ವಲ್ಪ ಎಳೆದೆವು.

ಆ ರಾತ್ರಿ ನಾನು ಉಂಡೆನೋ ಇಲ್ಲವೋ ನೆನಪಿಲ್ಲ. ಎಚ್ಚರವಾಗುವಾಗ ಬೆಳಕಾಗಿತ್ತು, ಶಬ್ದ ಇರಲಿಲ್ಲ.

ಚಪ್ ಚಪ್ ಇಲ್ಲ. ಪಂಪಿನ ನೀರು ಬೀಳುವುದು ಮಾತ್ರ. ಶಬ್ದ ನಿಲ್ಲುವುದು ಎರಡು ಕಾರಣಕ್ಕೆ. ನಾನು ಯೋಚಿಸಿದ್ದು ಕೆಟ್ಟ ಕಾರಣವನ್ನೇ. ಏಳಲಿಕ್ಕೆ ಮನಸ್ಸಾಗಲಿಲ್ಲ. ನೋಡದಿದ್ದರೆ ಇನ್ನೂ ಸ್ವಲ್ಪ ಹೊತ್ತು ಗೊತ್ತಾಗುವುದಿಲ್ಲ, ಅಷ್ಟಾದರೂ ಸಿಗಲಿ ಎಂದು ಮಲಗಿಯೇ ಇದ್ದೆ. ಆಮೇಲೆ ಎದ್ದೆ.

ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ, ಕೈಯಲ್ಲಿ ನನ್ನ ಕೋಲು. ನೀರಿನ ಮೇಲೆ ಏನೂ ತೇಲುತ್ತಿರಲಿಲ್ಲ. ನಾವು ಎಳೆದು ಖಾಲಿ ಮಾಡಿದ ಜಾಗದಲ್ಲಿ ಅಡಿಯವರೆಗೂ ಕಾಣುತ್ತಿತ್ತು. ಅಲ್ಲಿ, ಕಲ್ಲು ಕೊಯ್ದ ಗುರುತಿನ ಪಕ್ಕದಲ್ಲಿ, ಕಪ್ಪು ಬೆನ್ನೊಂದು ನಿಧಾನವಾಗಿ ತಿರುಗಿತು. ಹಿಂದೆಯೇ ಇನ್ನೊಂದು.

ಅಪ್ಪ ಕೋಲನ್ನು ಮೂಲೆಯ ನೀರಿಗೆ ಅದ್ದಿ ಎತ್ತಿದ. ತುದಿಯಲ್ಲಿ ಬೆರಳಗಲದ ಹಸಿರು ತುಂಡು ಜೋತುಬಿತ್ತು, ಕಣ್ಣು ಕಣ್ಣಾಗಿ. ಹರಿದ ಎಳೆಯೊಳಗಿಂದ ಹುಟ್ಟಿದ್ದೋ, ನಮ್ಮ ಕೈ ತಪ್ಪಿ ಉಳಿದದ್ದೋ.

"ಪೇಂಟು ಅಲ್ಲ" ಎಂದ ಅಪ್ಪ, ಕೋಲನ್ನು ನನ್ನ ಕಡೆ ಚಾಚಿ. "ಬಲೆಯೇ. ಚಾ ಕುಡಿದು ಬಾ."

ನನಗೆ ಭುಜ ಎತ್ತಲು ಆಗುತ್ತಿರಲಿಲ್ಲ. ಕೋಲು ತೆಗೆದುಕೊಂಡೆ. ಅಪ್ಪ ಆಗಲೇ ಬಲೆಯ ಹಗ್ಗ ಬಿಡಿಸುತ್ತಿದ್ದ.