ಮೇಷ್ಟ್ರು ಕಾಣದ ಹಂದಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸುಧಾಮಣಿಯ ಇಂಟರ್‌ನೆಟ್ ಸೆಂಟರ್. ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್. ಪಹಣಿ ತೆಗೆಸಲು, ರಿಸಲ್ಟ್ ನೋಡಲು ಬಂದವರು ಸುಮ್ಮನೆ ಕೂತು ಮಾತಾಡಿಯೂ ಹೋಗುತ್ತಿದ್ದರು. 2009ರ ಒಂದು ಸೋಮವಾರ ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ರೈತ ಶಿವಣ್ಣ ಬಂದವನೇ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕೀಬೋರ್ಡಿನ ಪಕ್ಕ ಇಟ್ಟ. ಕಾಡುಹಂದಿ ಓಡಿಸುವ ಯಂತ್ರ. ಹೋದ ತಿಂಗಳು ಅವಳೇ ತರಿಸಿಕೊಟ್ಟದ್ದು.

"ಕೆಟ್ಟೋಯ್ತಾ ಶಿವಣ್ಣ?"

"ಕೆಟ್ಟಿಲ್ಲ ಕಣವ್ವ, ಕುಯ್ ಅಂತ ಚೆನ್ನಾಗೇ ಕೂಗ್ತದೆ. ಹಂದಿಗೆ ಜೋಗುಳ ಆಗ್ಬುಟ್ಟದೆ, ಅಷ್ಟೆ. ಇದರ ಮುಂದೇನೇ ಮಲಿಕಂಡು ಎದ್ದೋಗವೆ. ಕಡ್ಲೆಕಾಯಿ ಹೊಲ ಪೂರಾ ಉತ್ತಾಕ್ಬುಟ್ಟವೆ." ಹೇಳುವಾಗ ಅವನು ನಗಲಿಲ್ಲ. "ದಿನಾ ಕಾವಲಿಗೆ ಓಗ್ತಿದ್ದೋನು, ನಿನ್ ಮಾತ ನಂಬ್ಕಂಡು ಮನೇಲಿ ಮಲಗ್ದೆ."

"ನನ್ ಮಾತಾ?"

"ನೀನೇ ಅಂದ್ಯಲ್ಲವ್ವ, ನಾ ಕಂಡಂಗೆ ನಮ್ ತೋಟದ ಕಡೆ ಒಂದ್ ಹಂದೀನೂ ಸುಳೀಲಿಲ್ಲ ಅಂತ."

ಸುಧಾಮಣಿಗೆ ಆಗ ಹೊಳೆಯಿತು. 'ನಾ ಕಂಡಂಗೆ' ಎಂಬುದು ಚಾಮರಾಜನಗರದ ಮೇಷ್ಟ್ರು ಮಹದೇವಪ್ರಸಾದ್ ತಮ್ಮ ವೆಬ್‌ಸೈಟಿನಲ್ಲಿ ಬರೆಯುವ ಪುಟ. ಓದು ಬಾರದವರಿಗೆ ಅವಳು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಕೇಳಿದವನಿಗೆ ಆ 'ನಾ' ಅವಳೇ ಆಗಿಬಿಟ್ಟಿದ್ದಳು.

"ಅದು ಮೇಷ್ಟ್ರು ಬರ್ದಿದ್ದು ಶಿವಣ್ಣ. ನಾನು ಓದ್ದೆ, ಅಷ್ಟೆ."

"ಯಾವ್ ಮೇಷ್ಟ್ರೋ ನಂಗೇನ್ ಗೊತ್ತು? ನಾ ನೋಡಿದ್ದು ನಿನ್ ಮೊಖ."

ಅವಳು ಆ ಪುಟ ತೆರೆದಳು. ಯಂತ್ರದ ಹೆಸರು ನೀಲಿ ಅಕ್ಷರದಲ್ಲಿತ್ತು. ಅದರ ಮೇಲೆ ಮೌಸ್ ಇಟ್ಟಾಗ ಪರದೆಯ ತಳದಲ್ಲಿ ಕಂಪನಿಯ ವಿಳಾಸ ಮೂಡಿತು. ವಿಳಾಸದ ಬಾಲದಲ್ಲಿ ಮೇಷ್ಟ್ರ ಹೆಸರು. ಇಲ್ಲಿಂದ ಹೋಗಿ ಯಾರು ಕೊಂಡರೂ ಅವರಿಗೆ ಕಮಿಷನ್. ಮೇಷ್ಟ್ರು ಹೊಗಳಿದ್ದ ಬೇರೆ ಸರಕುಗಳನ್ನೂ ನೋಡಿದಳು: ಸೂರು ಸೋರದಂತೆ ಬಳಿಯುವ ಅಂಟಿನ ವಿಳಾಸದ ಬಾಲದಲ್ಲೂ ಅದೇ ಹೆಸರು, ಮಂಡಿನೋವಿನ ಎಣ್ಣೆಯ ಬಾಲದಲ್ಲೂ ಅದೇ. ಉಣ್ಣುವ ತಟ್ಟೆಯಲ್ಲಿ ಹುಳ ಕಂಡಂತೆ ಅವಳಿಗೆ ಹೇಸಿಗೆಯಾಯಿತು. ಪುಟದಲ್ಲಿದ್ದ ನಂಬರಿಗೆ ಆಗಲೇ ಫೋನ್ ಮಾಡಿದಳು.

"ನೋಡಿ ಮೇಡಂ," ಎಂದರು ಮೇಷ್ಟ್ರು, "ಐದು ವರ್ಷದಿಂದ ಸೈಟಿನ ಖರ್ಚು ನನ್ನ ಜೇಬಿಂದಲೇ ಹೋಗ್ತಿದೆ. ಓದೋರು ಯಾರಾದ್ರೂ ಒಂದು ಕಾಸು ಕೊಟ್ಟಿದಾರಾ? ಇದರಿಂದ ಬರೋದು ಟೀಗೂ ಸಾಲಲ್ಲ."

"ತಗೊಳಿ ಸಾರ್, ಬೇಡ ಅನ್ನಲ್ಲ. ನಮ್ಮೂರ ಈರುಳ್ಳಿ ಮಂಡೀಲಿ ದಲ್ಲಾಳಿ ಆದೋನು ದಲ್ಲಾಳಿ ಅಂತ್ಲೇ ನಿಂತಿರ್ತಾನೆ. ನಾನೇ ಬೆಳೆದೋನು ಅನ್ನಲ್ಲ. ನಿಮ್ಮ ತೋಟ ಎಲ್ಲಿದೆ?"

"ತೋಟ ಅಂತ ಇಲ್ಲ. ಕಂಪನಿಯವರು ಕಳಿಸಿದ್ದನ್ನ ಕನ್ನಡಕ್ಕೆ ಮಾಡಿ ಹಾಕಿದೆ. ಎಲ್ಲರೂ ಮಾಡೋದು ಹೀಗೇ."

"ಹಂದಿನಾದ್ರೂ ನೋಡಿದೀರಾ?"

"ಬೆಟ್ಟಕ್ಕೆ ಹೋಗುವಾಗ, ಬಸ್ಸಿಂದ."

ಅವಳು ಫೋನ್ ಇಟ್ಟಳು. ಅರ್ಧ ಗಂಟೆಯ ಮೇಲೆ ನೋಡಿದರೆ ತೋಟದ ಮಾತನ್ನು ಸದ್ದಿಲ್ಲದೆ ಅಳಿಸಿದ್ದರು. ನೀಲಿ ಅಕ್ಷರ ಮಾತ್ರ ಇದ್ದಲ್ಲೇ ಇತ್ತು.

"ಥೂ," ಎಂದಳು ಸುಧಾಮಣಿ. ಆ ಥೂ ತನಗೂ ತಗುಲಿತು. ಇದೇ ಪುಟವನ್ನು ಶಿವಣ್ಣನ ಊರಿನ ಚಿಕ್ಕಬಸಮ್ಮನಿಗೂ ಓದಿ ಹೇಳಿದ್ದಳು. ಶನಿವಾರವಷ್ಟೇ ಆಕೆಯ ಡಬ್ಬಿ ಬಂದಿತ್ತು. ಸುಧಾಮಣಿ ಕಂಪ್ಯೂಟರುಗಳನ್ನು ಆರಿಸಿ ಷಟರ್ ಎಳೆದಳು. "ನಡಿ ಶಿವಣ್ಣ, ನಿಮ್ಮೂರಿಗೆ ಹೋಗನ."

ಚಿಕ್ಕಬಸಮ್ಮ ಜಗುಲಿಯ ಮೇಲೆ ಕೂತು ಡಬ್ಬಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. "ಇವತ್ತಿಂದ ರಾತ್ರಿ ಕಾವಲಿಗೆ ಅಟ್ಟಣೆ ಹತ್ತೋ ಕಷ್ಟ ತಪ್ತು ಕಣಮ್ಮಿ."

"ತಪ್ಪಿಲ್ಲ ಕಣವ್ವ. ಇದಕ್ಕೆ ಹಂದಿ ಹೆದರಲ್ಲ. ಅವತ್ತು ಓದಿದ್ದು ಬೇರೆಯವರ ಮಾತು. ನಿಜವಾ ಅಂತ ನಾನು ಕೇಳಲೂ ಇಲ್ಲ. ತಪ್ಪು ನಂದು."

ಮುದುಕಿ ಅವಳ ಮುಖವನ್ನೇ ನೋಡಿದಳು. "ಇದ ಹೇಳಕೆ ಅಂಗಡಿ ಮುಚ್ಕಂಡು ಬಂದ್ಯಾ?"

"ಊಂ."

"ಹಂಗಾರೆ ಒಳಿಕ್ ಬಾ, ಮೊದ್ಲು ಉಣ್ಣು. ಅಟ್ಟಣೆ ಏಣಿ ಒಂದ್ ಮೆಟ್ಲು ಮುರ್ದೋಗದೆ. ಹೊತ್ತು ಮುಳುಗೋದ್ರೊಳಗೆ ಕಟ್ಟನ, ನೀ ಹಿಡ್ಕಂಡಿರು."