ನಮ್ಮವರ ಆಟ, ನಮ್ಮವರೇ ಒತ್ತಿದ ಜಾಹೀರಾತು

ಮಂಡಿ ಮೊಹಲ್ಲಾದ ಸ್ವಸಹಾಯ ಸಂಘದ ಸಭೆಗೆ ಮಹದೇವು ಚಪ್ಪಲಿ ಕಾಲಲ್ಲೇ ನುಗ್ಗಿದ. ಕೈಯಲ್ಲಿ ಫೋನು, ಮುಖ ಕೆಂಡ.

"ನಮ್ಮನ್ನ ಕಳ್ಳರು ಅಂತಾವ್ರೆ ಕಣವ್ವಾ! ಎರಡು ವರ್ಷ ಕಣ್ಣು ಕಳ್ಕೊಂಡು ಆಟ ಮಾಡಿದ್ದು ಇದಕ್ಕಾ?"

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಬೈಂಡಿಂಗ್ ಅಂಗಡಿ ಸೇರಿದವನು ಮಹದೇವು. ಹಳೇ ಲ್ಯಾಪ್‌ಟಾಪಿನಲ್ಲಿ ತಾನೇ ಕಲಿತು ಅಳಿಗುಳಿಮಣೆಯನ್ನು ಮೊಬೈಲ್ ಆಟ ಮಾಡಿದ್ದ. ಆಟ ಪುಕ್ಕಟೆ. ನಡುನಡುವೆ ಜಾಹೀರಾತು ಬರುತ್ತಿತ್ತು. ಅದನ್ನು ಒದಗಿಸುವ ಕಂಪನಿ ಅವನಿಗೆ ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಿತ್ತು. ಈಗ ಅದೇ ಕಂಪನಿ ಪತ್ರ ಕಳಿಸಿತ್ತು: ನಿಮ್ಮ ಆಟದ ಜಾಹೀರಾತನ್ನು ಯಾರೋ ಸುಮ್ಮಸುಮ್ಮನೆ ಒತ್ತುತ್ತಿದ್ದಾರೆ, ಇದು ಕೊನೆಯ ಎಚ್ಚರಿಕೆ, ಹೀಗೇ ನಡೆದರೆ ಖಾತೆ ಬಂದ್.

ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದ್ದು ಗೆಳತಿ ಲಹರಿ. ಕುವೆಂಪುನಗರದ ಹುಡುಗಿ, ಗೇಮ್ ಮಾಡುವ ಕಂಪನಿಯಲ್ಲಿ ಕೆಲಸ. ಮಹದೇವು ಎಲ್ಲಿ ಜಗಳ ತೆಗೆಯುತ್ತಾನೋ ಎಂದು ಅವಳೂ ಹಿಂದೆಯೇ ಬಂದಿದ್ದಳು.

"ಒಂದೇ ಬೀದಿಯಿಂದ ದಿನಾ ನೂರಾರು ಸಲ ಒತ್ತಿದಾರಂತೆ. ಯಾರಿರಬಹುದು?" ಎಂದಳು.

ಮಹದೇವುವಿನ ತಾಯಿ ಪಾರ್ವತಮ್ಮ ಸೆರಗು ಸರಿಮಾಡಿಕೊಂಡರು. "ಯಾರೋ ಯಾಕವ್ವ, ನಾವೇ! ಮೂವತ್ತು ಜನಾನೂ. ದಿನಾ ಇಪ್ಪತ್ತು ಸಲ. ನಮ್ ಹೈದನ ಆಟಕ್ಕೆ ನಾವು ಒತ್ತುದ್ರೆ ಯಾರಪ್ಪನ ಗಂಟು ಓಯ್ತದೆ?"

ಮಹದೇವು ತಲೆ ತಗ್ಗಿಸಿದ. ಈ ದಾರಿ ಹೇಳಿಕೊಟ್ಟವನನ್ನು ಮನೆಗೆ ಕರೆತಂದವನು ಅವನೇ. 'ಆಟದಿಂದ ಆದಾಯ' ಎಂದು ಬೋರ್ಡು ಹಾಕಿಕೊಂಡ ತರಬೇತಿ ಸೆಂಟರಿನವನು. ಫೀಸು ತೆಗೆದುಕೊಂಡ, ಸಂಘದವರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದ, ಒತ್ತಿ ಎಂದ.

"ಅಮ್ಮ, ಜಾಹೀರಾತು ಕೊಡೋರು ಅಂಗಡಿಯವರು," ಎಂದಳು ಲಹರಿ. "ನೀವು ಒಂದ್ಸಲ ಒತ್ತಿದ್ರೆ ಅವರ ಕೈಯಿಂದ ಕಂಪನಿಗೆ ದುಡ್ಡು ಹೋಗತ್ತೆ. ಅದರಲ್ಲೇ ಒಂದು ಪಾಲು ಮಹದೇವುಗೆ. ನಿಮಗೆ ಸಾಮಾನು ಬೇಡ, ಆದರೂ ಒತ್ತಿದ್ರಿ. ಅಂಗಡಿಯವರಿಗೆ ಏನು ಸಿಕ್ತು?"

"ದೊಡ್ಡ ದೊಡ್ಡ ಸೇಟುಗಳು ಬುಡು, ಅವರಿಗೇನು ಕಮ್ಮಿ!"

ಆಗ ಮೂಲೆಯಲ್ಲಿ ಕೂತಿದ್ದ ಸಂಘದ ಪ್ರೇಮಲೀಲಾ ಎದ್ದು ನಿಂತರು. ವಿದ್ಯಾರಣ್ಯಪುರಂನಲ್ಲಿ ಅವರದೊಂದು ಸಣ್ಣ ಟೈಲರಿಂಗ್ ಅಂಗಡಿ. "ಲಹರಿ, ನಾನೂ ಫೋನಲ್ಲಿ ಜಾಹೀರಾತು ಕೊಟ್ಟಿದೀನಿ. ಹದಿನೈದು ದಿನದಿಂದ ಮಧ್ಯಾಹ್ನದೊಳಗೇ ಅದಕ್ಕಿಟ್ಟ ಆವತ್ತಿನ ದುಡ್ಡು ಖಾಲಿ. ಒಂದು ಬ್ಲೌಸ್ ಪೀಸೂ ಬಂದಿಲ್ಲ. ಸ್ವಲ್ಪ ನೋಡ್ತೀಯಾ?"

ಲಹರಿ ಅವರ ಫೋನು ತೆಗೆದು ನೋಡಿದಳು. ಆ ಜಾಹೀರಾತು ಯಾವ ಯಾವ ಆಟದಲ್ಲಿ ಬಂದಿದೆ ಎಂಬ ಪಟ್ಟಿ ಅದರಲ್ಲಿತ್ತು. ಮೊದಲನೆಯ ಹೆಸರೇ ಮಹದೇವುವಿನ ಅಳಿಗುಳಿಮಣೆ.

ಲಹರಿ ಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಅಯ್ಯೋ ಶಿವನೇ," ಎಂದರು ಪ್ರೇಮಲೀಲಾ. "ನನ್ನ ಅಂಗಡಿ ಫೋಟೊ ಬಂತು ಅಂತ ಖುಷೀಲಿ ನಾನೇ ದಿನಾ ಆರು ಸಲ ಒತ್ತಿದೀನಲ್ಲೇ!"

ಯಾರೋ ಕಿಸಕ್ಕೆಂದರು. ಪಾರ್ವತಮ್ಮ ನಗಲಿಲ್ಲ. ಪ್ರೇಮಲೀಲಾರ ಕೈ ಹಿಡಿದುಕೊಂಡರು. "ನಿನ್ನ ದುಡಿಮೆಗೇ ಕೈ ಹಾಕ್ಬುಟ್ವಲ್ಲೇ."

ಮಹದೇವುವಿನ ಸಿಟ್ಟು ಕಂಪನಿಯಿಂದ ಹೊರಳಿ ಸರಿಯಾದ ಜಾಗಕ್ಕೆ ಬಂತು. ಆ ಸೆಂಟರಿನವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ಸಿಕ್ಕಿಬಿದ್ದರೆ ಖಾತೆ ಹೋಗುವುದು ಹುಡುಗನದು, ಹೆಸರು ಕೆಡುವುದು ಹುಡುಗನದು. ಸೆಂಟರಿನವನ ಕೂದಲೂ ಕೊಂಕುವುದಿಲ್ಲ. ಕಂಪನಿಯೂ ಪೂರ್ತಿ ಸಾಚಾ ಏನಲ್ಲ. ಜಾಹೀರಾತನ್ನು ಕನ್ನಡದಲ್ಲಿ ತೋರಿಸಲು ಬರುತ್ತದೆ, ನಿಯಮವನ್ನು ಕನ್ನಡದಲ್ಲಿ ಹೇಳಲು ಮಾತ್ರ ಬಾಯಿ ಬರುವುದಿಲ್ಲ! ಓದು ಬಿಟ್ಟವರು ಗೇಮ್ ಮಾಡಬಾರದು ಅಂತಲಾ?

"ಈಗ ಏನ್ ಮಾಡೋದು?" ಎಂದ.

"ನಡೆದದ್ದನ್ನ ನಡೆದ ಹಾಗೇ ಬರಿ," ಎಂದಳು ಲಹರಿ. "ಆ ಗುಂಪು ಬಿಟ್ಟಿದೀವಿ ಅಂತ ಬರಿ. ಮೊದಲು ಎಲ್ಲರೂ ಬಿಡ್ಲಿ, ಆಮೇಲೆ ಬರಿ."

ಅಷ್ಟರಲ್ಲಿ ಮೂವತ್ತು ಫೋನೂ ಒಟ್ಟಿಗೇ ಟಿಂಗ್ ಎಂದವು. ಸೆಂಟರಿನವನ ಸಂದೇಶ: ಇವತ್ತು ಮೂವತ್ತು ಸಲ ಒತ್ತಿ.

ಪಾರ್ವತಮ್ಮ ಮೈಕಿನ ಗುರುತು ಒತ್ತಿ ಹಿಡಿದರು. "ಏನಪ್ಪಾ ಮೇಷ್ಟ್ರೇ, ಇನ್ಮೇಕೆ ಇಲ್ಲಿ ಯಾರೂ ಒತ್ತಾಕಿಲ್ಲ. ನನ್ ಮಗನ ಮುಖಕ್ಕೆ ಮಸಿ ಬಳಿಯಾಕೆ ನಿಂಗೆ ಫೀಸು ಬೇರೆ ಕೊಡ್ಬೇಕಾ? ನಾಳೆ ತಂದು ಮಡಗು. ಇಲ್ಲಾಂದ್ರೆ ಮೂವತ್ತು ಜನಾನೂ ನಿನ್ ಸೆಂಟರ್ ಬಾಗಿಲಿಗೇ ಬತ್ತೀವಿ."

ಒಬ್ಬೊಬ್ಬರಾಗಿ ಎಲ್ಲರೂ ಗುಂಪು ಬಿಟ್ಟರು. ಆಮೇಲೆ ಮಹದೇವು ಅಲ್ಲೇ ಚಾಪೆಯ ಮೇಲೆ ಕೂತು ಪತ್ರ ಬರೆದ. ಲಹರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಎಂಟನೇ ದಿನ ಉತ್ತರ ಬಂತು: ಸುಳ್ಳು ಒತ್ತಿನಿಂದ ನಿಮಗೆ ಬಂದ ದುಡ್ಡು ಕಡಿತ, ಖಾತೆ ಉಳಿದಿದೆ.

ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ನಿಮ್ಮ ಬೀದಿಯ ಮಕ್ಕಳು ಆಟ ಮಾಡಿದ್ದರೆ ಆಡಿ. ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳಿ. ಆದರೆ ಬೇಡದ ಜಾಹೀರಾತನ್ನು ಪ್ರೀತಿಗೂ ಒತ್ತಬೇಡಿ, ಯಾರಾದರೂ ದುಡ್ಡು ಕೊಟ್ಟರೂ ಒತ್ತಬೇಡಿ. ಆಟ ಮಾಡುವ ತಮ್ಮಂದಿರೇ, ನಿಯಮ ಅರ್ಥವಾಗದಿದ್ದರೆ ನಾಚಿಕೆ ಪಡಬೇಡಿ, ಗೊತ್ತಿದ್ದವರಿಂದ ಓದಿಸಿಕೊಳ್ಳಿ. ಸುಮ್ಮನೆ ಒತ್ತಿ ಎಂದು ಹೇಳುವವನು ಮನೆಗೆ ಬಂದರೆ ಹೊಸಿಲಲ್ಲೇ ನಿಲ್ಲಿಸಿ ಬೈದು ಕಳಿಸಿ.