ಮೇಲೆ ಹೋಗುವವನ ಹುಬ್ಬು

ಬೀದಿಯವರು ಆ ಕ್ಷೌರಿಕನಿಗೆ ಬುರುಡೆ ಎಂದು ಹೆಸರಿಟ್ಟಿದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ದಿನವಿಡೀ ಅವನ ಕೈ ಓಡಾಡುತ್ತಿದ್ದುದು ಜನರ ಬುರುಡೆಗಳ ಮೇಲೆ. ದಿನವಿಡೀ ಅವನ ಬಾಯಿ ಬಿಡುತ್ತಿದ್ದುದೂ ಬುರುಡೆಯನ್ನೇ. ಸರ್ಕಸ್ಸಿನ ಸಿಂಹಕ್ಕೆ ಅವನು ಕಟಿಂಗ್ ಮಾಡಿದ್ದನಂತೆ, ಅದು ಕನ್ನಡಿ ನೋಡಿಕೊಂಡು ತಲೆದೂಗಿತ್ತಂತೆ. ಮಂತ್ರಿಯೊಬ್ಬರ ಗಡ್ಡವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೋಳಿಸಿದ್ದನಂತೆ, ಅವರು ಕೆನ್ನೆ ಸವರಿಕೊಂಡು ಆನಂದಬಾಷ್ಪ ಸುರಿಸಿದ್ದರಂತೆ. ಕಥೆ ಯಾವುದೇ ಇರಲಿ, ಕೊನೆಗೆ ಒಬ್ಬರಾದರೂ ‘ನಿನ್ನಂಥ ಕೈ ಭೂಮಿ ಮೇಲಿಲ್ಲ’ ಎನ್ನದೆ ಅದು ಮುಗಿಯುತ್ತಿರಲಿಲ್ಲ.

ಹೆಂಡತಿ ಮದುವೆಯಾದ ಹೊಸದರಲ್ಲಿ ಸಿಂಹವನ್ನು ನಂಬಿದ್ದಳು, ಪಾಪ. ಅದನ್ನು ತವರಿನಲ್ಲಿ ಹೇಳಿ ನಗೆಪಾಟಲಾಗಿ ಬಂದ ಮೇಲೆ, ಗಂಡ ‘ಮಳೆ ಬರ್ತಾ ಇದೆ’ ಎಂದರೂ ಕಿಟಕಿಯಿಂದ ಕೈ ಚಾಚಿ ನೋಡುವ ಅಭ್ಯಾಸ ಮಾಡಿಕೊಂಡಳು. ಅವಳ ಮಾತು ಮಾತ್ರ ಬೀದಿಗೆಲ್ಲ ಶಿಲಾಶಾಸನ. ಹಾಲು ಒಡೆದಿದೆ ಎಂದು ಅವಳು ಹೇಳಿದರೆ ಯಾರೂ ಮೂಸಿ ನೋಡುತ್ತಿರಲಿಲ್ಲ.

ಇಂಥ ಬುರುಡೆಯ ಕೈಗೆ ಒಮ್ಮೆ ಒಂದು ನಿಜ ಸಿಕ್ಕಿಬಿಟ್ಟಿತು. ಅಂಗಡಿಯ ಮುಂದೆ ಕಾರೊಂದು ಪಂಕ್ಚರಾಗಿ, ರಿಪೇರಿಯಾಗುವಷ್ಟರಲ್ಲಿ ತಲೆಯಾದರೂ ಹಗುರವಾಗಲಿ ಎಂದು ಒಬ್ಬ ಗಿರಾಕಿ ಬಂದು ಕೂತಿದ್ದ. ಕೆಲವು ದಿನಗಳಾದ ಮೇಲೆ ಅದೇ ಮುಖ ಪೇಪರಿನಲ್ಲಿ ಬಂತು: ಬಾಹ್ಯಾಕಾಶಕ್ಕೆ ಹೊರಟ ಮೂವರಲ್ಲಿ ನಡುವಿನವನು. ಬುರುಡೆ ಪೇಪರ್ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದ.

“ಅಣ್ಣಾ, ಫೋಟೋದಲ್ಲಿ ಕೂದಲು ಭುಜದ ತನಕ ಇಳಿಬಿದ್ದಿದೆ,” ಎಂದ ಪಕ್ಕದಂಗಡಿಯ ಬೀಗ ರಿಪೇರಿಯವನು.

“ಅದು ಹಳೇ ಫೋಟೋ ಕಣಯ್ಯಾ! ಹಾರೋ ದಿನ ನೇರಪ್ರಸಾರದಲ್ಲಿ ನೋಡು. ಕತ್ತಿನ ಹಿಂದೆ ನನ್ನ ಮೆಟ್ಟಿಲು ಕಟಿಂಗು ಕಾಣದೇ ಇದ್ರೆ ಕೇಳು.”

ಹೆಂಡತಿ ಪೇಪರನ್ನೊಮ್ಮೆ ನೋಡಿ ಟವೆಲ್ ಮಡಚತೊಡಗಿದಳು. ಕೈ ಚಾಚಿ ನೋಡಲು ಇದು ಮಳೆಯೂ ಅಲ್ಲವಲ್ಲ. ಅದೇ ಬುರುಡೆಗೆ ಚುಚ್ಚಿತು. ಬೀದಿ ನಂಬದಿದ್ದರೆ ಹಾಳಾಗಿ ಹೋಗಲಿ. ಒಂದೇ ಒಂದು ಸಲ ಇವಳು ನಂಬಬೇಕು ಎಂದು ಅವನಿಗೆ ಹಟ ಹುಟ್ಟಿತು.

ರಾಕೆಟ್ ಹಾರುವ ದಿನ ಬೆಳಿಗ್ಗೆ ಬೀಗದವನೂ ನಿವೃತ್ತ ಮೇಷ್ಟ್ರೂ ಅಂಗಡಿಯ ಬೆಂಚಿನಲ್ಲಿ ಸಿನಿಮಾಕ್ಕೆ ಬಂದವರ ಹಾಗೆ ಕೂತರು. ಹಿಂಬಾಗಿಲಲ್ಲಿ, ಅಂದರೆ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ, ಅಂಗಡಿಯ ಟವೆಲ್ಲುಗಳನ್ನು ಒಗೆದು ಬಕೆಟ್ ಹಿಡಿದು ಹೆಂಡತಿ ನಿಂತಳು. ಬುರುಡೆ ರಿಮೋಟ್ ಒತ್ತಿದ.

ಮೊದಲ ಸುದ್ದಿ ಚಾನೆಲ್ಲಿನಲ್ಲಿ ‘ನೇರಪ್ರಸಾರ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಅಲ್ಲಿ ನೇರವಾಗಿ ಪ್ರಸಾರವಾಗುತ್ತಿದ್ದುದು ಆರು ಜನರ ಜಗಳ. ರಾಕೆಟ್ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು, ಅದರ ಮೇಲೆ ಸೊಂಟನೋವಿನ ಮುಲಾಮಿನ ಜಾಹೀರಾತು ಕೂತಿತ್ತು. ಎರಡನೆಯದರಲ್ಲಿ ನಿರೂಪಕ ರಟ್ಟಿನ ಅಂತರಿಕ್ಷದ ಉಡುಪು ತೊಟ್ಟು, ಸ್ಟುಡಿಯೋದಲ್ಲೇ ತೇಲಿದಂತೆ ಕೈಕಾಲು ಆಡಿಸುತ್ತಿದ್ದ. ಮೂರನೆಯದರಲ್ಲಿ ರಾಕೆಟ್ ಭರ್ರೆಂದು ಹಾರಿಯೇಬಿಟ್ಟಿತು. “ಅಯ್ಯೋ, ಹೋಯ್ತು!” ಎಂದು ಬುರುಡೆ ಕೂಗಿದ.

“ಅದು ಹೋದ ವರ್ಷದ್ದು,” ಎಂದರು ಮೇಷ್ಟ್ರು. “ಅದರಲ್ಲಿ ಜನ ಇಲ್ಲ, ಬರೀ ಸಾಮಾನು. ಸಾಮಾನಿಗೂ ನೀನೇ ಕ್ಷೌರ ಮಾಡಿದ್ದಾ?”

ಬುರುಡೆ ಕೇಬಲ್ ಟಿವಿ ನಡೆಸುವ ಬಾಮೈದನಿಗೆ ಫೋನ್ ಹಚ್ಚಿದ. “ಎಲ್ಲಿ ತೋರಿಸ್ತಾರೋ ಮಾರಾಯಾ? ಹೊತ್ತಾಗ್ತಿದೆ!”

“ಭಾವಾ, ನಿಮ್ಮ ಪ್ಯಾಕೇಜಲ್ಲಿ ಭೂಮಿ ಮಾತ್ರ ಬರುತ್ತೆ. ಆಕಾಶಕ್ಕೆ ಬೇರೆ ಚಂದಾ ಕಟ್ಟಬೇಕು.”

“ನಿನ್ನ ಅಕ್ಕನ್ನ ಕಟ್ಟಿಕೊಂಡಿದೀನಲ್ಲೋ, ಅದು ಸಾಲದಾ?”

“ಆ ಮಾತು ಅಕ್ಕನ ಮುಂದೆ ಹೇಳಿ ನೋಡೋಣ,” ಎಂದು ಬಾಮೈದ ಫೋನಿಟ್ಟ. ಅಕ್ಕ ಮುಂದೆಯೇ ಇದ್ದಳು. ಬುರುಡೆ ಮತ್ತೆ ರಿಮೋಟ್ ಒತ್ತಿದ: ಕುಸ್ತಿ, ಅಡುಗೆ, ಮೊಸಳೆ, ಅತ್ತೆ ಸೊಸೆ, ಮತ್ತದೇ ಮೊಸಳೆ. ಬೀಗದವನು ಮೊಸಳೆಯನ್ನೇ ಇಡಿ ಎಂದು ಗೋಗರೆದ.

“ಕೊಡಿ ಇಲ್ಲಿ,” ಎಂದಳು ಹೆಂಡತಿ. “ಟವೆಲ್ ಒಣಗತ್ತಾ ಇಲ್ವಾ ಅಂತ ನೋಡ್ಕೊಂಡು ಹೋಗ್ತೀನಿ.” ಅವಳು ಹಾಕಿದ್ದು ಹವಾಮಾನದ ಚಾನೆಲ್. ಬೀದಿಯಲ್ಲಿ ಅದನ್ನು ನೋಡುತ್ತಿದ್ದವಳು ಅವಳೊಬ್ಬಳೇ. ಅಲ್ಲಿ, ಪರದೆಯ ತುಂಬ, ಬೆಳ್ಳಗೆ, ಹೊಗೆಯಾಡುತ್ತ ರಾಕೆಟ್ ನಿಂತಿತ್ತು. “ಉಡಾವಣಾ ಸ್ಥಳದಲ್ಲಿ ಗಾಳಿ ಸಾಧಾರಣ, ಮಳೆಯಿಲ್ಲ,” ಎಂದು ಒಂದು ತಣ್ಣನೆಯ ದನಿ ಹೇಳಿತು. ಯಾರೂ ಕಿರುಚುತ್ತಿರಲಿಲ್ಲ, ಯಾರಿಗೂ ಸೊಂಟ ನೋಯುತ್ತಿರಲಿಲ್ಲ.

“ಬಂದ್ರು, ಬಂದ್ರು!” ಬುರುಡೆ ಟಿವಿಗೆ ಮೂಗು ತಾಗಿಸಿದ. ಗಗನಯಾತ್ರಿಗಳು ಮೂವರೂ ಸಾಲಾಗಿ ನಡೆದು ಬಂದರು. ಮೂವರ ತಲೆಯ ಮೇಲೂ ಬೂದುಗುಂಬಳದಂಥ ಹೆಲ್ಮೆಟ್. ಕತ್ತು ಕಾಣಲಿಲ್ಲ, ಮೆಟ್ಟಿಲು ಕಾಣಲಿಲ್ಲ, ಕೂದಲಿನ ಒಂದೆಳೆಯೂ ಕಾಣಲಿಲ್ಲ.

ಬೀಗದವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅಣ್ಣಾ, ನಿಮ್ಮ ಮೆಟ್ಟಿಲು ಒಳಗಡೆ ಇದೆ. ಕೀಲಿ ಮಾತ್ರ ನನ್ನ ಹತ್ತಿರ ಇಲ್ಲ!”

“ಬುರುಡೆಗೂ ಒಂದು ಮಿತಿ ಇರಬೇಕಪ್ಪಾ,” ಎಂದು ಮೇಷ್ಟ್ರು ಎದ್ದರು. “ನೀನು ಸೀದಾ ಅಂತರಿಕ್ಷಕ್ಕೇ ಹೋಗಿಬಿಟ್ಟೆ.” ರಾಕೆಟ್ ಹೊರಡುವ ಮೊದಲೇ ಇಬ್ಬರೂ ಹೊರಟು, ಬೀಗದಂಗಡಿಯ ಮುಂದೆ ನಿಂತು ಮತ್ತೊಂದು ಸುತ್ತು ನಕ್ಕರು.

ಬುರುಡೆ ಗಿರಾಕಿಯ ಕುರ್ಚಿಯಲ್ಲಿ ಕುಸಿದ. ಕನ್ನಡಿಯಲ್ಲಿ ಹೆಂಡತಿ ಇನ್ನೂ ನಿಂತಿರುವುದು ಕಂಡಿತು.

“ನಿಜವಾಗ್ಲೂ ನಾನೇ ಕಟಿಂಗ್ ಮಾಡಿದ್ದು ಕಣೇ.”

“ಸಿಂಹಕ್ಕೂ ನೀವೇ ಮಾಡಿದ್ರಿ.”

ಅವನಿಗೆ ಅಳುವೇ ಬಂತು. ಇನ್ನು ಬಚ್ಚಿಟ್ಟು ಸುಖವಿಲ್ಲ ಎನಿಸಿತು. “ಒಂದು ವಿಷಯ ಯಾರಿಗೂ ಹೇಳಿಲ್ಲ. ಹುಬ್ಬು ಸರಿ ಮಾಡ್ತಾ, ‘ಎಲ್ಲಿಗೆ ಸಾರ್ ಪ್ರಯಾಣ’ ಅಂತ ಕೇಳಿದೆ. ‘ಇನ್ನು ಸ್ವಲ್ಪ ದಿನಕ್ಕೆ ಮೇಲೆ ಹೋಗ್ತೀನಿ’ ಅಂದ್ರು, ನಗ್ತಾ.”

“ಅಯ್ಯೋ!”

“ನಾನೂ ಹಾಗೇ ಅಂದ್ಕೊಂಡೆ. ಕೈ ನಡುಗಿ ಎಡಗಡೆ ಹುಬ್ಬು ಅರ್ಧ ಹಾರಿಹೋಯ್ತು. ‘ಡಾಕ್ಟರು ಏನಂತಾರೆ ಸಾರ್’ ಅಂದೆ. ‘ಅವರೇ ಎಲ್ಲಾ ಪರೀಕ್ಷೆ ಮಾಡಿ, ಧಾರಾಳವಾಗಿ ಹೋಗಬಹುದು ಅಂದಿದ್ದಾರೆ’ ಅಂದ್ರು.”

“ಆಮೇಲೆ?”

“ಅತ್ತುಬಿಟ್ಟೆ. ಅವರ ಕತ್ತಿಗೆ ಕಟ್ಟಿದ್ದ ಟವೆಲ್ಲಲ್ಲೇ ಮೂಗೊರೆಸಿಕೊಂಡೆ. ಕೊನೆಗೆ ಅವರೇ ನನ್ನ ಬೆನ್ನು ತಟ್ಟಿ, ‘ಹೋಗ್ಲಿ ಬಿಡಿ, ಹುಬ್ಬು ತಾನೇ, ಬೆಳೆಯುತ್ತೆ’ ಅಂತ ಸಮಾಧಾನ ಮಾಡಿದ್ರು.”

“‘ನಿನ್ನಂಥ ಕೈ ಭೂಮಿ ಮೇಲಿಲ್ಲ’ ಅನ್ನಲಿಲ್ವಾ?”

“ಇಲ್ಲ,” ಎಂದ ಬುರುಡೆ, ತಲೆ ತಗ್ಗಿಸಿ.

ಹೆಂಡತಿ ಬಕೆಟ್ ಕೆಳಗಿಟ್ಟಳು. “ಹಾಗಾದ್ರೆ ಇದು ನಿಜ. ನಂಬಿದೆ.”

“ನೋಡದೇನೇ?”

“ನಿಮ್ಮ ಯಾವ ಬುರುಡೆಯಲ್ಲೂ ನೀವು ಇಷ್ಟು ಪೆದ್ದರಾಗಿರಲ್ಲ ರೀ.”

ಮದುವೆಯಾದ ಮೇಲೆ ಅಷ್ಟು ಸಿಹಿಯಾದ ಮಾತನ್ನು ಬುರುಡೆ ಕೇಳಿರಲಿಲ್ಲ. ಅಷ್ಟರಲ್ಲಿ ಟಿವಿಯವರು ರಾಕೆಟ್ಟಿನ ಒಳಗಿನ ದೃಶ್ಯ ತೋರಿಸಿದರು. ನಡುವಿನವನ ಮುಖ ಹೆಲ್ಮೆಟ್ಟಿನ ಗಾಜಿನ ಹಿಂದೆ ಪರದೆಯ ತುಂಬ ಬಂತು. ಬಲಗಡೆ ಪೂರ್ತಿ ಹುಬ್ಬು. ಎಡಗಡೆ ಅರ್ಧ ಹುಬ್ಬು, ಉಳಿದರ್ಧದ ಜಾಗದಲ್ಲಿ ಮೊಳಕೆಯಂಥ ನಾಲ್ಕು ಕೂದಲು.

“ರೀ! ಅರ್ಧ!”

“ಅರ್ಧ ಕಣೇ!”

ಗಂಡ ಹೆಂಡತಿ ಕೈ ಹಿಡಿದು ಬಕೆಟ್ಟಿನ ಸುತ್ತ ಕುಣಿದರು. ಆ ಗದ್ದಲದಲ್ಲಿ ರಾಕೆಟ್ ಹಾರಿದ್ದನ್ನು ಇಬ್ಬರೂ ನೋಡಲಿಲ್ಲ. ಮರುಕ್ಷಣ ಹೆಂಡತಿ ಬಕೆಟ್ ಎತ್ತಿಕೊಂಡು ಬೀದಿಗಿಳಿದಿದ್ದಳು, ಬುರುಡೆ ಅವಳ ಹಿಂದೆ.

“ಮೇಷ್ಟ್ರೇ, ನಾನು ಕಣ್ಣಾರೆ ನೋಡಿದೆ. ಅವರ ಎಡಗಡೆ ಹುಬ್ಬು ಅರ್ಧ ಇಲ್ಲ. ತೆಗೆದದ್ದು ಇವರೇ.”

ಮೇಷ್ಟ್ರು ಬೀಗದವನ ಮುಖ ನೋಡಿದರು. ಬೀಗದವನು ಮರುಕದಿಂದ ಲೊಚಗುಟ್ಟಿದ. “ಅಕ್ಕನಿಗೂ ಅಂಟಿಕೊಳ್ತಲ್ಲ, ಛೆ.”

“ಸಹವಾಸ ದೋಷ,” ಎಂದರು ಮೇಷ್ಟ್ರು.

ಹೆಂಡತಿಯ ಮುಖ ಕೆಂಪಾಯಿತು. ಹಾಲಿನ ವಿಷಯದಲ್ಲಿ ಸಹ ಯಾರೂ ಅವಳಿಗೆ ಎದುರಾಡಿದವರಲ್ಲ. ಅವಳು ಗಂಡನ ಕಡೆ ತಿರುಗಿದಳು. “ನಿಜ ಹೇಳಿದಾಗ ನಂಬದೇ ಇದ್ರೆ ಇಷ್ಟು ಉರಿಯತ್ತೇನ್ರೀ?”

“ಉರಿಯತ್ತೆ,” ಎಂದ ಬುರುಡೆ. “ನನಗೂ ಇದೇ ಮೊದಲನೇ ಸಲ.”

ಅವಳು ಬಕೆಟ್ಟನ್ನು ಧೊಪ್ಪನೆ ಕುಕ್ಕಿದಳು. ಒಮ್ಮೆ ಉಸಿರೆಳೆದುಕೊಂಡಳು. “ಹುಬ್ಬು ಹಾಗಿರಲಿ ಮೇಷ್ಟ್ರೇ, ಅವರು ಟಿವಿಯಿಂದ ನಮಗೆ ಕೈ ಬೀಸಿದ್ರು. ‘ನಮ್ಮ ಕ್ಷೌರದವರಿಗೆ ನಮಸ್ಕಾರ ಹೇಳಿ, ಅವರಂಥ ಕೈ ಭೂಮಿ ಮೇಲಿಲ್ಲ, ನಾನು ಹೋಗ್ತಿರೋ ಕಡೆಯಂತೂ ಮೊದಲೇ ಇಲ್ಲ’ ಅಂದ್ರು.”

ಬುರುಡೆ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನೇ ನೋಡಿದ.

“ಹೌದಾ ಅಕ್ಕಾ?” ಬೀಗದವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಮೇಷ್ಟ್ರೂ ಕನ್ನಡಕ ಸರಿಮಾಡಿಕೊಂಡರು. “ಆಮೇಲೆ?”

“ಆಮೇಲೆ ಕೇಳಿ...” ಎಂದಳು ಅವಳು.

ಬುರುಡೆ ಸದ್ದಿಲ್ಲದೆ ಒಳಗೆ ಹೋಗಿ ಹೆಂಡತಿಗೊಂದು ಕುರ್ಚಿ ತಂದು ಹಾಕಿದ. ಆಮೇಲೆ ಬಕೆಟ್ ಎತ್ತಿಕೊಂಡು ಟವೆಲ್ಲುಗಳನ್ನು ತಾನೇ ಒಣಹಾಕಲು ಹೋದ.